ಮಗಳ ಬದಲಿಗೆ

ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಷ್ಟು ವರ್ಷವೂ, ಕೌಂಟರಿನ ಆಚೆ ನಿಂತವರು ‘ಇನ್‌ಸ್ಟೆಡ್ ಆಫ್’ ಅಂದರೆ ನನ್ನ ಕೈಯಲ್ಲಿದ್ದ ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು. ಚೆಕ್ಕಿನ ಬದಲು ಡ್ರಾಫ್ಟ್ ಕೊಡುತ್ತೀರಾ, ಗಂಡನ ಬದಲು ನಾನೇ ಸಹಿ ಹಾಕಿದರೆ ನಡೆಯುತ್ತದಾ, ಇಂಥವೇ ಸಾದಾ ಮಾತು. ಕೇಳಿದವರಿಗೆ ಉತ್ತರ ಕೊಟ್ಟು ಕಳಿಸುತ್ತಿದ್ದೆ, ಆದರೆ ಎದೆ ಧಸಕ್ಕೆಂದದ್ದು ತಿಳಿಯಾಗಲು ಒಂದು ಲೋಟ ನೀರು ಬೇಕಾಗುತ್ತಿತ್ತು. ಎರಡು ಇಂಗ್ಲಿಷ್ ಶಬ್ದಕ್ಕೆ ಯಾರಾದರೂ ಇಷ್ಟು ಹೆದರುತ್ತಾರೆಯೇ ಎಂದು ಬಾಜು ಕೂಡುತ್ತಿದ್ದ ಗೆಳತಿ ನಗುತ್ತಿದ್ದಳು. ನಗಲಿ ಪಾಪ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಆ ಎರಡು ಶಬ್ದ ನಮ್ಮ ಅಡುಗೆಮನೆಯಲ್ಲಿ ಹೇಗೆ ಬಂದು ಬಿದ್ದವು ಎನ್ನುವುದನ್ನು ಅವಳು ನೋಡಿಲ್ಲ.

ನವಲಗುಂದದ ನಮ್ಮ ಓಣಿಯ ಮನೆಗಳೆಲ್ಲ ಆಗ ಮಣ್ಣಿನ ಮಾಳಿಗೆಯವು. ತಲೆಬಾಗಿಲು ದಾಟಿದ ಕೂಡಲೆ ಎಡಗಡೆ ಎತ್ತು, ಎಮ್ಮೆ. ಬಲಕ್ಕೆ ಕಟ್ಟೆ ಹತ್ತಿದರೆ ಪಡಸಾಲಿ. ಅದರ ಹಿಂದೆ ಹಗಲಿನಲ್ಲೂ ಮಬ್ಬುಗತ್ತಲಾಗಿರುವ ಅಡುಗೆಮನೆ. ಆ ಕೋಣೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿ ಕೊರೆದ ಒಂದೇ ಬೆಳಕಿಂಡಿಯಿಂದ. ಸಂಜೆ ದನ ಮನೆಗೆ ಬಂದು, ಅಪ್ಪ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಬಂದ ಮೇಲೆ ನಾವೆಲ್ಲ ಅಲ್ಲಿಯೇ ಒಲೆಯ ಸುತ್ತ ಊಟಕ್ಕೆ ಕೂಡುತ್ತಿದ್ದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ಎದ್ದ ರೊಟ್ಟಿ ನೇರ ತಟ್ಟೆಗೆ ಬೀಳಬೇಕು, ಆರಿದ ರೊಟ್ಟಿಯನ್ನು ಅಪ್ಪ ಮುಟ್ಟುತ್ತಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಎಲ್ಲರಿಗೂ ಹಂಚುತ್ತಿದ್ದಳು. ಈ ಮನೆಯ ನಿಜವಾದ ಯಜಮಾನಿ ಆಯಿ. ಅಪ್ಪ ಮೀಸೆ ತಿರುವಿದರೂ ಅವಳ ಮುಖ ನೋಡಿಯೇ ತಿರುವುತ್ತಿದ್ದ.

ಇಂಥ ಮನೆಗೆ ಇಂಗ್ಲಿಷ್ ಬಂದದ್ದು ಕಾಕಾನ ದೆಸೆಯಿಂದ. ಕಾಕಾ ಎಂದರೆ ಅಪ್ಪನ ತಮ್ಮ. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲೇ ಮೇಲಿಂದ ಮೇಲೆ ಡುಮ್ಕಿ ಹೊಡೆಯುತ್ತಿದ್ದ. ಅವನ ಗೈಡಿನಲ್ಲಿ ‘ಈ ಪದಪುಂಜವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಒಂದು ಪ್ರಶ್ನೆ ಇರುತ್ತಿತ್ತು. ಕಾಕಾನಿಗೆ ಪದಪುಂಜ ಬಾಯಿಪಾಠ ಬರುತ್ತಿತ್ತು, ಸ್ವಂತ ವಾಕ್ಯ ಬರುತ್ತಿರಲಿಲ್ಲ. ಒಂದು ದಿನ ಅಪ್ಪ ಊಟಕ್ಕೆ ಕೂತವನೇ ಫರ್ಮಾನು ಹೊರಡಿಸಿದ.

“ಒಬ್ಬನ ಓದಿದ್ರ ಇವನ ತಲಿಗೆ ಹತ್ತೂದಿಲ್ಲ. ಇವತ್ತಿನಿಂದ ಮನಿ ಮಂದಿ ಎಲ್ಲಾ ಕೂಡೇ ಓದೂಣು. ಯಾರು ಇಂಗ್ಲೀಷಿನ್ಯಾಗ ವಾಕ್ಯ ಹೇಳ್ತಾರ, ಅವರಿಗೆ ಬಿಸಿ ರೊಟ್ಟಿ. ಹೇಳದವರಿಗೆ ಮುಂಜಾನಿ ರೊಟ್ಟಿ.”

“ನನಗೂ ಏನ್ಲೇ?” ಎಂದಳು ಆಯಿ.

“ನಿನಗೂ ಐತಿ.”

ಹೀಗೆ ನಮ್ಮ ಮನೆಯಲ್ಲಿ ಊಟದ ಪದ್ಧತಿ ಬದಲಾಯಿತು. ಕಾಕಾ ಗೈಡು ತೆರೆದು ಅಂದಿನ ಪದಪುಂಜ ಓದಿ ಅರ್ಥ ಹೇಳಬೇಕು, ಉಳಿದವರು ಸರದಿಯಂತೆ ಒಂದೊಂದು ವಾಕ್ಯ ಒಪ್ಪಿಸಬೇಕು. ‘ಆಸ್ ಸೂನ್ ಆಸ್’ ಬಂದು ಹೋಯಿತು, ‘ಯೂಸ್ಡ್ ಟು’ ಬಂದು ಹೋಯಿತು. ‘ಇನ್‌ಸ್ಟೆಡ್ ಆಫ್’ ಬಂತು ನೋಡಿ, ಅದು ಹೋಗಲೇ ಇಲ್ಲ. ಒಂದನ್ನು ಬಿಟ್ಟು ಅದರ ಬದ್ಲಿ ಇನ್ನೊಂದು, ಇಷ್ಟೇ ಅದರ ಅರ್ಥ ಎಂದು ಕಾಕಾ ಹೇಳಿದ್ದೇ ತಡ, ಇದು ತಮಗಾಗಿಯೇ ಮಾಡಿಸಿದ್ದು ಎನ್ನುವಂತೆ ಎಲ್ಲರೂ ಅದನ್ನು ಹಿಡಿದುಕೊಂಡರು. “ಐ ಈಟ್ ರೊಟ್ಟಿ ಇನ್‌ಸ್ಟೆಡ್ ಆಫ್ ರೈಸ್” ಎಂದ ಅಪ್ಪ. “ಹಿ ವೆಂಟ್ ಟು ಹುಬ್ಬಳ್ಳಿ ಇನ್‌ಸ್ಟೆಡ್ ಆಫ್ ಧಾರವಾಡ” ಎಂದ ಕಾಕಾ. ನನ್ನ ತಮ್ಮ ಬಸ್ಯಾ ಆಗಿನ್ನೂ ಬಾಲವಾಡಿಗೆ ಹೋಗುತ್ತಿದ್ದ. ಅವನು ಅಳುತ್ತಲೇ “ಐ ವಾಂಟ್ ಬೆಲ್ಲ ಇನ್‌ಸ್ಟೆಡ್ ಆಫ್ ಸ್ಕೂಲ್” ಅಂದು ಬೆಲ್ಲ ಗಿಟ್ಟಿಸಿದ. ಆಯಿಗೆ ಇಡೀ ವಾಕ್ಯ ಬರುತ್ತಿರಲಿಲ್ಲ, ಆದರೂ ಮುಂಜಾನಿ ರೊಟ್ಟಿ ತಿನ್ನಲು ಅವಳು ತಯಾರಿರಲಿಲ್ಲ.

“ಬದನಿಕಾಯಿ ಇನ್‌ಸ್ಟೆಡಾಫ್ ಪುಂಡಿಪಲ್ಯಾ ಮಾಡಿದ್ರ ನಿನ್ನ ಗಂಟೇನರ ಹೋಗತಿತ್ತೇನು?” ಎಂದು ಅವ್ವನನ್ನು ಕೇಳಿದಳು. ಅದಕ್ಕೂ ಅಪ್ಪ ಬಿಸಿ ರೊಟ್ಟಿ ಮಂಜೂರು ಮಾಡಿದ.

ನೋಡನೋಡುತ್ತಿದ್ದಂತೆ ಆ ಮಾತು ಹೊಸ್ತಿಲು ದಾಟಿತು. ಅಪ್ಪ ಹೊಲದಲ್ಲಿ ಆಳುಗಳಿಗೆ “ಈ ಕುಂಟಿ ಬ್ಯಾಡ, ಇನ್‌ಸ್ಟೆಡಾಫ್ ಆ ಕುಂಟಿ ಹೂಡ್ರಿ” ಅನ್ನುತ್ತಿದ್ದ. ಆಯಿ ಕಾಯಿಪಲ್ಯದವಳ ಬುಟ್ಟಿಯ ಮುಂದೆ ಕೂತು ಮೆಂತ್ಯೆಯ ಇನ್‌ಸ್ಟೆಡಾಫ್ ಹಕ್ಕರಕಿ ಹಾಕು ಎಂದು ಜಗಳ ತೆಗೆಯುತ್ತಿದ್ದಳು, ಅವಳೂ ಅರ್ಥವಾದವಳಂತೆ ಹಾಕುತ್ತಿದ್ದಳು. ವಾಕ್ಯ ಹೇಳದವಳು ಅವ್ವ ಒಬ್ಬಳೇ. ರೊಟ್ಟಿ ಬಡಿಯುವವಳ ಬಾಯಿಗೆ ಯಾರೂ ಸರದಿ ಹಚ್ಚಿರಲಿಲ್ಲ. ಅವಳು ತವರಿನಲ್ಲಿ, ಅಣ್ಣಿಗೇರಿಯಲ್ಲಿ, ಹೈಸ್ಕೂಲು ಮೆಟ್ಟಿಲು ಹತ್ತಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು, ಅವಳು ಕಡೆಗೆ ಉಣ್ಣುವವಳು, ಅಷ್ಟರಲ್ಲಿ ಎಲ್ಲರ ಇಂಗ್ಲಿಷ್ ಮುಗಿದಿರುತ್ತಿತ್ತು.

ಇಲ್ಲಿ ನನ್ನ ಹೆಸರಿನ ಸಂಗತಿ ಹೇಳಬೇಕು. ನನ್ನ ಹೆಸರು ತಿಪ್ಪವ್ವ. ಬ್ಯಾಂಕಿನಲ್ಲಿ ಹೊಸ ಮ್ಯಾನೇಜರುಗಳು ಬಂದಾಗಲೆಲ್ಲ ಈ ಹೆಸರು ಓದಿ ತುಟಿ ಕಚ್ಚಿಕೊಳ್ಳುತ್ತಿದ್ದರು. ನಮ್ಮ ಕಡೆಯವರಿಗೆ ಬಿಡಿಸಿ ಹೇಳುವುದು ಬೇಕಿಲ್ಲ. ಮೊದಲು ಹುಟ್ಟಿದ ಕೂಸುಗಳು ಉಳಿಯದಿದ್ದರೆ ಆಮೇಲೆ ಹುಟ್ಟಿದ್ದನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸುತ್ತಾರೆ. ಇದು ಬೇಡಾದ ಕೂಸು, ಇದಕ್ಕೆ ದಿಕ್ಕಿಲ್ಲ ಎಂದು ಜವರಾಯ ತಿಳಿದುಕೊಂಡು ಮುಂದೆ ಹೋಗಲಿ ಎಂದು. ಮಕ್ಕಳು ಉಳಿದ ತಾಯಿಯೊಬ್ಬಳು ಆ ಕೂಸನ್ನು ಎತ್ತಿಕೊಂಡು ಒಂದು ಮೊರ ತೌಡು ಕೊಟ್ಟು ಕೊಳ್ಳುತ್ತಾಳೆ. ಅಂದೇ ಸಂಜೆಗೋ, ಹೆಸರಿಡುವ ದಿನವೋ ಹೆತ್ತವಳು ಅಷ್ಟೇ ತೌಡು ಕೊಟ್ಟು ಹೊಳ್ಳಿ ಕೊಳ್ಳುತ್ತಾಳೆ. ಓಣಿಯಲ್ಲಿ ಇಂಥ ತಿಪ್ಪಣ್ಣ, ತಿಪ್ಪವ್ವರು ಬೇಕಾದಷ್ಟು ಮಂದಿ ಇದ್ದೆವು. ನನ್ನನ್ನು ತಿಪ್ಪೆಯಿಂದ ಎತ್ತಿಕೊಂಡವಳು ಎದುರು ಮನೆಯ ಮಾಬೂಬಿ ಖಾಲಾ, ಮೂರು ಗಟ್ಟಿಮುಟ್ಟು ಗಂಡುಮಕ್ಕಳ ತಾಯಿ, ಜಮಖಾನ ನೇಯುವವಳು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು.

ಖಾಲಾನ ಮನೆಯೇ ನನಗೆ ಹೆಚ್ಚು ರೂಢಿ. ಶಾಲೆ ಬಿಟ್ಟ ಕೂಡಲೆ ಪಾಟಿಚೀಲ ನಮ್ಮ ಕಟ್ಟೆಯ ಮೇಲೆ ಒಗೆದು ಅವಳ ಮಗ್ಗದ ಮುಂದೆ ಹೋಗಿ ಕೂಡುತ್ತಿದ್ದೆ. ಗೋಡೆಗೆ ನೆಟ್ಟಗೆ ನಿಲ್ಲಿಸಿದ ಮಗ್ಗ. ಬೆರಳಿನಂತೆ ಹಲ್ಲುಗಳಿರುವ ಕಬ್ಬಿಣದ ಪಂಜಾದಿಂದ ಅವಳು ನೂಲು ಬಡಿಯುತ್ತಿದ್ದರೆ ಕೆಂಪು ನೂಲಿನ ನಡುವೆ ನವಿಲಿನ ಕಾಲು ಏಳುತ್ತಿತ್ತು, ಆಮೇಲೆ ಹೊಟ್ಟೆ, ಆಮೇಲೆ ಕುತ್ತಿಗೆ. “ಬೇಟಿ, ಆ ಹಸರ ಉಂಡಿ ಕೊಡು” ಅನ್ನುತ್ತಿದ್ದಳು. ಯಮನೂರಿನ ದರ್ಗಾಕ್ಕೆ ಕರೆದುಕೊಂಡು ಹೋಗಿ ನನ್ನ ಹೆಸರಿನಲ್ಲಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ನನಗೆ ಹೊಸ ಬಟ್ಟೆ ತಂದರೆ ಅದು ಮೊದಲು ಅವಳ ಮನೆಗೆ ಹೋಗಿ, ಅಲ್ಲಿ ನಾನು ತೊಟ್ಟು, ಆಮೇಲೆ ನಮ್ಮ ಮನೆಗೆ ಬರಬೇಕು. ಅದು ಆಯಿಯ ಕಾನೂನು. ಯುಗಾದಿಗೂ ಹಾಗೆ, ಪಂಚಮಿಗೂ ಹಾಗೆ. ಇದೆಲ್ಲ ಎರಡು ಮನೆಯ ಪ್ರೀತಿ ಎಂದು ತಿಳಿದಿದ್ದೆ. ಆದರೆ ಒಂದು ಮಾತ್ರ ನನ್ನನ್ನು ಒಳಗೊಳಗೇ ಸುಡುತ್ತಿತ್ತು. ಅವ್ವ ಬಸ್ಯಾನನ್ನು ಎತ್ತಿಕೊಂಡು “ನನ್ನ ಮಗನ, ನನ್ನ ರಾಜಾ” ಅನ್ನುವವಳು, ನನ್ನನ್ನು ಒಂದು ದಿನವೂ ಮಗಳ ಎಂದು ಕರೆದವಳಲ್ಲ. “ಏ ಮಾಬೂಬಿ ಹುಡುಗೀ, ಉಣ್ಣಾಕ ಬಾ” ಅನ್ನುತ್ತಿದ್ದಳು. ಮನೆಗೆ ಯಾರಾದರೂ ಬಂದು ಈಕಿ ಯಾರು ಎಂದು ಕೇಳಿದರೆ “ಎದುರಮನಿ ಮಾಬೂಬಿ ಮಗಳ್ರಿ, ಆಡಾಕ ಬಂದಾಳ” ಅನ್ನುತ್ತಿದ್ದಳು. ಬಂದವರು ನಗುತ್ತಿದ್ದರು, ಅವ್ವ ನಗುತ್ತಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಬಣವೆಯ ಹಿಂದೆ ಕೂತು ಅಳುತ್ತಿದ್ದೆ. ಒಮ್ಮೆ, ಒಂದೇ ಒಂದು ಸಲ, ಅವ್ವನ ಬಾಯಿಂದ ಆ ಶಬ್ದ ಕೇಳಬೇಕು ಎನ್ನುವುದು ಬಿಟ್ಟರೆ ಆ ವಯಸ್ಸಿನಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ.

ಇಂಥ ಒಂದು ಸಂಜೆ ನನ್ನ ಸರದಿ ಬಂತು. ಶಾಲೆಯಲ್ಲಿ ಕಲಿತ ನಾಲ್ಕು ಶಬ್ದ, ಕಾಕಾ ಕಲಿಸಿದ ಎರಡು, ಎಲ್ಲ ಸೇರಿಸಿ ಜಂಬದಿಂದ ಒಪ್ಪಿಸಿದೆ.

“ಐ ಲೈಕ್ ಖಾಲಾ’ಸ್ ಹೌಸ್ ಇನ್‌ಸ್ಟೆಡ್ ಆಫ್ ಅವರ್ ಹೌಸ್.”

ಕಾಕಾ ಚಪ್ಪಾಳೆ ತಟ್ಟಿದ. ಆಯಿಗೆ ಖಾಲಾ ಎಂಬುದು ಬಿಟ್ಟು ಏನೂ ತಿಳಿಯಲಿಲ್ಲ, ಉಳ್ಳಾಗಡ್ಡಿ ಗುದ್ದಿದಳು. ಅವ್ವನ ಕೈಯಲ್ಲಿದ್ದ ರೊಟ್ಟಿ ಮಾತ್ರ ಹರಿದು ಎರಡಾಯಿತು. ಅವಳ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಿಟ್ಟನ್ನು ಮತ್ತೆ ಮುದ್ದೆ ಮಾಡಿ ಬಡಿದಳು.

ಮರುದಿನ ಮಧ್ಯಾಹ್ನ ಕಾಕಾ ಪಡಸಾಲಿಯಲ್ಲಿ ಗೈಡು ಎದೆಯ ಮೇಲೆ ಇಟ್ಟುಕೊಂಡು ಅಡ್ಡಾಗಿದ್ದ. ನಾನು ಬಾಜು ಕೂತು ಶೇಂಗಾ ಒಡೆಯುತ್ತಿದ್ದೆ. ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿನ ಕಡೆ ನಿಂತಳು.

“ಶಿವಪ್ಪಾ, ಮನಿಗೆ ಪಾವಣ್ಯಾರು ಬರ್ತಾರಲಾ, ಅವರಿಗೆ ಇಂಗ್ಲೀಷಿನ್ಯಾಗ ಏನಂತಾರ?”

“ಗೆಸ್ಟ್ ಅಂತಾರ, ವೈನಿ. ಯಾಕ, ಯಾರರೆ ಬರಾವ್ರದಾರೇನು?”

“ಇಲ್ಲ. ಬಂದು ಭಾಳ ವರ್ಸಾತು” ಎಂದು ಒಳಗೆ ಹೋದಳು. ಕಾಕಾ ಮಗ್ಗುಲು ಬದಲಿಸಿ ಮಲಗಿದ.

ಅಂದು ಸಂಜೆ ಬದನೆಕಾಯಿ ಎಣಗಾಯಿ. ಎಲ್ಲರ ವಾಕ್ಯ ಮುಗಿದು, ಕಾಕಾ ಗೈಡು ಮುಚ್ಚುವುದರಲ್ಲಿದ್ದ. ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ನಮ್ಮ ಕಡೆ ಮುಖ ಮಾಡದೆಯೇ, ಹಿಂದೆ ಎಂದೋ ಬಾಯಿಪಾಠ ಮಾಡಿಟ್ಟವಳಂತೆ ಸ್ವಚ್ಛವಾಗಿ ಅಂದಳು:

“ಐ ಹ್ಯಾವ್ ಎ ಗೆಸ್ಟ್ ಇನ್‌ಸ್ಟೆಡ್ ಆಫ್ ಎ ಡಾಟರ್.”

ಅಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು. ಅವ್ವನಿಗೆ ಇಂಗ್ಲಿಷ್ ಬಂತು ಎನ್ನುವುದಕ್ಕೆ ಅವನು ದಂಗಾಗಿದ್ದನೋ, ಅವ್ವ ಅಷ್ಟು ಗಟ್ಟಿಯಾಗಿ ಮಾತಾಡಿದಳು ಎನ್ನುವುದಕ್ಕೋ, ಇವತ್ತಿಗೂ ನನಗೆ ತಿಳಿಯದು. ಡಾಟರ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಗೆಸ್ಟ್ ಎಂದರೆ ಏನೆಂದು ಆ ಮಧ್ಯಾಹ್ನವೇ ಕೇಳಿಸಿಕೊಂಡಿದ್ದೆ. ಎರಡನ್ನೂ ಜೋಡಿಸಿಕೊಂಡೆ, ಆ ಗೆಸ್ಟ್ ನಾನೇ.

“ಏನಂದ್ಲೋ ಅಕಿ?” ಎಂದು ಆಯಿ ಕಾಕಾನನ್ನು ಕೇಳಿದಳು.

ಕಾಕಾ ಅತ್ತಿತ್ತ ನೋಡಿದ. ಸುಳ್ಳು ಹೇಳಲು ಅವನಿಗೆ ಹೊಳೆಯಲಿಲ್ಲ. “ಮಗಳ ಬದ್ಲಿ ಮನ್ಯಾಗ ಪಾವಣ್ಯಾರ ಅದಾರ ಅಂದ್ಲು.”

ಆಯಿ ಗುದ್ದಿಟ್ಟ ಉಳ್ಳಾಗಡ್ಡಿಯನ್ನು ಹಾಗೆಯೇ ಬಿಟ್ಟು ಎದ್ದು ನಿಂತಳು. ಹಾಗೆ ಅವಳು ಊಟದ ನಡುವೆ ಎದ್ದದ್ದೇ ಇಲ್ಲ.

“ಮಗಳ ಅಂದಿ? ಈ ಮನ್ಯಾಗ ನಿಂತು ಮಗಳ ಅಂದಿ? ಎರಡು ಕಳಕೊಂಡಿದ್ದು ಸಾಲದೇನು ನಿನಗ? ಅಕಿ ನಿನ್ನಾಕಿ ಅಲ್ಲಬೇ. ಮಾಬೂಬಿಗೆ ಮಾರೇವಿ, ಹೊಳ್ಳಿ ಕೊಂಡಿಲ್ಲ. ಹೊಳ್ಳಿ ಕೊಳ್ಳಾಕ ಹೋದ ದಿನಾ ಕೂಸಿನ ಮೈ ಕೆಂಡ ಆಗಿದ್ದು ಮರತಿಯೇನು?”

“ಮರತಿಲ್ರಿ ಅತ್ತಿ. ನಾ ಕನ್ನಡದಾಗ ಎಲ್ಲೆ ಅಂದೇನ್ರಿ?” ಎಂದಳು ಅವ್ವ. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಏಳುತ್ತಿತ್ತು. ಅವಳು ಅದನ್ನು ತೆಗೆಯಲಿಲ್ಲ.

ಮಾರೇವಿ, ಹೊಳ್ಳಿ ಕೊಂಡಿಲ್ಲ. ಓಣಿಯ ತಿಪ್ಪಣ್ಣರನ್ನೆಲ್ಲ ಹೊಳ್ಳಿ ಕೊಂಡಿದ್ದರು, ನನ್ನನ್ನು ಮಾತ್ರ ಕೊಂಡಿರಲಿಲ್ಲ. ಹೆಸರಿಡುವ ದಿನ ಅವ್ವ ತೌಡು ಹಿಡಿದು ಹೊರಟಾಗ ನನಗೆ ಜ್ವರ ಬಂದಿತ್ತಂತೆ. ಜವರಾಯ ಬಾಗಿಲಲ್ಲೇ ಕಾಯುತ್ತಿದ್ದಾನೆ ಎಂದು ಹೆದರಿ ಆಯಿ ಶಾಸ್ತ್ರವನ್ನು ಅರ್ಧಕ್ಕೆ ನಿಲ್ಲಿಸಿಬಿಟ್ಟಿದ್ದಳು. ಅಂದಿನಿಂದ ಆ ಮನೆಯಲ್ಲಿ ನನ್ನನ್ನು ಯಾರೂ ಮಗಳ ಅನ್ನಕೂಡದು. ಹೊಸ ಬಟ್ಟೆ ಮೊದಲು ಎದುರು ಮನೆಗೆ ಹೋಗುತ್ತಿದ್ದದ್ದು ಯಾಕೆ, ಅವ್ವ ಬಂದವರ ಮುಂದೆ ನಗದೆ ಇರುತ್ತಿದ್ದದ್ದು ಯಾಕೆ, ಎಲ್ಲ ಒಂದೇ ಏಟಿಗೆ ನನ್ನ ಮೇಲೆ ಬಂದು ಬಿತ್ತು. ಎಂಜಲು ಕೈಯಲ್ಲೇ ಎದ್ದು ಓಡಿದೆ.

ಖಾಲಾ ಅಂಗಳದಲ್ಲಿ ಆಡಿಗೆ ನೀರು ಇಡುತ್ತಿದ್ದಳು. ನನ್ನ ಮುಖ ನೋಡಿ ತಂಬಿಗೆ ಕೆಳಗಿಟ್ಟಳು.

“ಖಾಲಾ, ನನ್ನ ನೀ ಕೊಂಡಿಯಲಾ, ನಾ ಇನ್ನೂ ನಿನ್ನಾಕೇನು?”

ಅವಳು ಇಲ್ಲ ಅನ್ನುತ್ತಾಳೆ, ಆಯಿಯನ್ನು ಬೈಯುತ್ತಾಳೆ, ನಕ್ಕು ತಲೆ ಸವರುತ್ತಾಳೆ ಅಂದುಕೊಂಡಿದ್ದೆ.

“ಹೌದು ಬೇಟಿ. ಒಂದು ಮೊರಾ ತೌಡು ಕೊಟ್ಟೇನಿ. ಯಾಕ, ನಿನಗ ಗೊತ್ತಿಲ್ಲೇನು?”

ಎಷ್ಟು ಸಲೀಸಾಗಿ ಹೇಳಿದಳು! ನನ್ನ ಎಂಜಲು ಕೈ ತೊಳೆಸಿ ಸೆರಗಿನಿಂದ ಒರೆಸಿದಳು. ಈ ಕೈ ನನ್ನನ್ನು ಕೊಂಡ ಕೈ ಎನ್ನುವುದನ್ನು ನಾನು ಮೊದಲ ಸಲ ನೋಡುವಂತೆ ನೋಡಿದೆ. ನೂಲೆಳೆದು ಬೆರಳ ಸಂದಿನಲ್ಲಿ ಗೆರೆ ಬಿದ್ದಿದ್ದವು. ಸಿಟ್ಟು ಅವಳ ಮೇಲೆ ಬರಲಿಲ್ಲ, ಅದು ನನಗೆ ಇನ್ನೂ ಆಶ್ಚರ್ಯ. ಸಿಟ್ಟು ಬಂದದ್ದು ನಮ್ಮ ಮನೆಯವರ ಮೇಲೆ. ಒಂದು ಮೊರ ತೌಡು ಅವರ ಹತ್ತಿರ ಇರಲಿಲ್ಲವೇ? ನಮ್ಮ ಎಮ್ಮೆ ದಿನವೂ ತಿನ್ನುತ್ತಿದ್ದದ್ದು ಮತ್ತೇನು?

ಮರುದಿನ ಬೆಳಿಗ್ಗೆ ಅವ್ವ ತಲೆಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮೊರದ ತುಂಬ ತೌಡು ಸುರಿದು, ಅದರ ಮೇಲೆ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ ಇಟ್ಟುಕೊಂಡು ತಲೆಬಾಗಿಲು ದಾಟಿದಳು. ಆಯಿ ಹೊಸ್ತಿಲ ಮೇಲೆ ಕೂತು ಎದೆ ಬಡಿದುಕೊಂಡಳು. “ಹಿಡೀರಲೇ ಅಕಿನ್ನ, ಹಿಡೀರಿ” ಎಂದಳು. ಅಪ್ಪ ಎತ್ತಿನ ಹಗ್ಗ ಹಿಡಿದುಕೊಂಡು ನಿಂತೇ ಇದ್ದ, ಅವ್ವನನ್ನು ತಡೆಯಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಆಯಿಯ ಮಾತು ಮೀರಿ ಅವ್ವ ಓಣಿ ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲು ಬಾಗಿಲಿಗೆ ಹೆಂಗಸರು ಬಂದು ನಿಂತರು. ನಾನು ಅವ್ವನ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ನಡೆದೆ. ಹೆದರಿಕೆ ಇತ್ತು, ಆದರೆ ಒಳಗೆ ಒಂದು ಹಿಗ್ಗೂ ಇತ್ತು. ನನ್ನನ್ನು ಕೊಳ್ಳಲು ಅವ್ವ ಹೊರಟಿದ್ದಾಳೆ!

ಖಾಲಾ ಮಗ್ಗದ ಮುಂದೆ ಇದ್ದಳು. ಮೊರ ನೋಡಿದ ಕೂಡಲೆ ಪಂಜಾ ನಿಂತಿತು.

“ಮಾಬೂಬಕ್ಕಾ, ತೌಡು ತಂದೇನಿ” ಎಂದಳು ಅವ್ವ. “ನನ್ನ ಕೂಸು ನನಗ ಕೊಡು.”

ಖಾಲಾ ನನ್ನನ್ನು ನೋಡಿದಳು, ಮೊರ ನೋಡಿದಳು.

“ಕೊಡೂದಿಲ್ಲ, ಗೌರವ್ವಾ.”

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಹೌಹಾರಿದರು. ಅವ್ವನ ಕೈಯಲ್ಲಿದ್ದ ಮೊರ ವಾಲಿ ತೌಡು ನೆಲಕ್ಕೆ ಉದುರಿತು. ಖಾಲಾ ಹಾಗೆ ಅನ್ನಬಹುದು ಎಂದು ಆಯಿ ಕೂಡ ಎಣಿಸಿರಲಿಲ್ಲ. ಖಾಲಾ ಎದ್ದು ಬಂದು ಅವ್ವನ ಎದುರಿಗೆ ನಿಂತಳು.

“ನಿನ್ನ ಎರಡೂ ಕೂಸು ನನ್ನ ಕೈಯಾಗ ತಣ್ಣಗಾದ್ವು. ಜಳಕಾ ಮಾಡಿಸಿ, ಬಟ್ಟಿ ಸುತ್ತಿ ಕೊಟ್ಟಾಕಿ ನಾನ. ಈಕಿ ಉಳದಾಳ. ಯಾಕ ಉಳದಾಳ ನನಗ ಗೊತ್ತಿಲ್ಲ. ನಿಮ್ಮ ಶಿವಗ ಗೊತ್ತೈತೋ, ನಮ್ಮ ಅಲ್ಲಾಗ ಗೊತ್ತೈತೋ. ನಾಳೆ ಹೊಳ್ಳಿ ಕೊಟ್ಟು ಏನರೆ ಆದ್ರ ನಾ ಈ ಕೈಲೆ ಮತ್ತ ನೇಯಲೇನು?”

“ಒಮ್ಮೆರೆ ಮಗಳ ಅನ್ನಬೇಕು ಅನಸ್ತೈತಿ ಅಕ್ಕಾ. ಎದಿ ಒಡದ ಹೊಕ್ಕೈತಿ.”

“ನನಗ ತಿಳಿಯೂದಿಲ್ಲೇನು? ನಾ ಇರೂತನಾ ಈಕಿ ನನ್ನ ಹೆಸರಲೆ ಇರ್ಲಿ. ನಾ ಹ್ವಾದ ಮ್ಯಾಲೆ ನಿನ್ನಾಕಿ. ಅವತ್ತ ತೌಡೂ ಬ್ಯಾಡ, ಏನೂ ಬ್ಯಾಡ, ಸುಮ್ಮ ಕೈ ಹಿಡದು ಕರಕೊಂಡು ಹೋಗು.”

ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಡುವೆ ಮೊರ ಇತ್ತು, ಆಮೇಲೆ ನಾನಿದ್ದೆ; ನಿನಗೆ ಏನು ಬೇಕು ಎಂದು ನನ್ನನ್ನು ಇಬ್ಬರೂ ಕೇಳಲಿಲ್ಲ. ತಂದ ತೌಡನ್ನು ಮನೆಗೆ ಹೊಳ್ಳಿ ಒಯ್ಯುವುದು ಒಳ್ಳೆಯದಲ್ಲ ಎಂದು ಅವ್ವ ಅದನ್ನು ಖಾಲಾನ ಆಡಿನ ಮುಂದೆ ಸುರಿದಳು. ಆ ದಿನ ಲಾಭ ಆದದ್ದು ಆ ಆಡಿಗೆ ಒಂದಕ್ಕೇ. ಬರಿ ಮೊರ ಹಿಡಿದು ಹೊಳ್ಳಿ ಬರುತ್ತಿದ್ದ ಅವ್ವನ ಮುಖ ನೋಡಿ ಆಯಿ ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿದಳು. ಎದ್ದು ದಾರಿ ಬಿಟ್ಟಳು.

ಅಂದು ಸಂಜೆ ಕಾಕಾ ಗೈಡನ್ನು ಅಡುಗೆಮನೆಗೆ ತರಲೇ ಇಲ್ಲ. ನಾನು ಒಳಗೆ ಹೋಗದೆ ಪಡಸಾಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಪಾವಣ್ಯಾರು ಕರೆಯದೆ ಊಟಕ್ಕೆ ಹೋಗುವುದು ಹೇಗೆ? ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು. ಹಿಟ್ಟಿನ ಕೈಯನ್ನು ನನ್ನತ್ತ ಚಾಚಿದಳು.

“ಕಮ್, ಡಾಟರ್. ಈಟ್.”

ನಾನು ಎದ್ದು ಹೋಗಿ ಅವಳ ಆ ಕೈ ಹಿಡಿದುಕೊಂಡೆ. ಆಯಿ ಅವ್ವನನ್ನೇ ದಿಟ್ಟಿಸಿ ನೋಡಿದಳು. ಜಗಳ ಈಗ ಶುರುವಾಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಯಿ ಕಾಕಾನ ಕಡೆ ತಿರುಗಿದಳು.

“ಶಿವ್ಯಾ, ಖರೇನ ಹೇಳು. ಜವರಾಯಗ ಇಂಗ್ಲೀಷ್ ಬರತೈತೇನು?”

ಕಾಕಾ ತಲೆ ಕೆರೆದುಕೊಂಡ. “ಇಷ್ಟ ವರ್ಸಾ ಓದಿ ನನಗ ಬರವಲ್ದು, ಅವಗ ಎಲ್ಲಿಂದ ಬರಬೇಕವ್ವಾ?”

“ಹಂಗಿದ್ರ ಅನ್ಲಿ ಬಿಡು” ಎಂದಳು ಆಯಿ, ಉಳ್ಳಾಗಡ್ಡಿ ಗುದ್ದಿ ಮೊದಲನೆಯ ಹೋಳು ನನ್ನ ತಟ್ಟೆಗೆ ಹಾಕಿದಳು.

ಕಾಕಾ ಆ ವರ್ಷವೂ ಪಾಸಾಗಲಿಲ್ಲ, ಮುಂದೆ ಗೊಬ್ಬರದ ಅಂಗಡಿ ಇಟ್ಟು ಚೆನ್ನಾಗಿ ಬದುಕಿದ. ಊಟದ ಹೊತ್ತಿನ ಇಂಗ್ಲಿಷ್ ನಿಂತುಹೋಯಿತು. ಒಂದು ಶಬ್ದ ಮಾತ್ರ ಉಳಿಯಿತು. ಅವ್ವ ನನ್ನನ್ನು ಆಮೇಲೆ ಮಾಬೂಬಿ ಹುಡುಗಿ ಅನ್ನಲಿಲ್ಲ. ಬಾವಿಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ, ನನ್ನ ಮದುವೆಯ ಹಂದರದಲ್ಲಿ, ಎಲ್ಲರೆದುರು ಗಟ್ಟಿಯಾಗಿ “ಡಾಟರ್” ಎಂದು ಕೂಗುತ್ತಿದ್ದಳು. ಅಕ್ಕಿಕಾಳು ಹಾಕುವಾಗ ನನ್ನ ಬಲಕ್ಕೆ ಖಾಲಾ ನಿಂತಿದ್ದಳು, ಎಡಕ್ಕೆ ಅವ್ವ. ಬೀಗರ ಕಡೆಯವರು ಇವರ ಮನೆಯ ರಿವಾಜೇ ತಿಳಿಯದು ಎಂದು ಪಿಸುಗುಟ್ಟಿದರು. ನಾನು ಹುಬ್ಬಳ್ಳಿಗೆ ಬಂದ ಮೇಲೆ ಅವ್ವ ಫೋನಿನಲ್ಲಿ “ಹಲೋ ಡಾಟರ್, ಉಂಡೀ?” ಅನ್ನುತ್ತಿದ್ದಳು, ನನ್ನ ಮಕ್ಕಳು ಅಜ್ಜಿಯ ಇಂಗ್ಲಿಷ್ ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಅತ್ತ ಖಾಲಾ ಬೇಟಿ ಅನ್ನುವುದನ್ನು ಬಿಡಲಿಲ್ಲ. ನನಗೂ ರೂಢಿಯಾಗಿಹೋಯಿತು. ಕನ್ನಡದ ಆ ಶಬ್ದ ನನ್ನ ಪಾಲಿಗೆ ಬಂದದ್ದಲ್ಲ ಎಂದು ಸುಮ್ಮನಾದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಮಾತ್ರ ದಿನಕ್ಕೆ ನೂರು ಸಲ ಮಗಳ, ಮಗಳ ಎಂದು ಕರೆದು ಅವಳಿಗೆ ಬೇಜಾರು ಮಾಡುತ್ತಿದ್ದೆ.

ಹೋದ ಮಳೆಗಾಲ ಒಂದು ಬೆಳಿಗ್ಗೆ ಬಸ್ಯಾ ಫೋನು ಮಾಡಿದ. ಅವ್ವ ಅವನ ಜೊತೆಯಲ್ಲೇ ನವಲಗುಂದದ ಮನೆಯಲ್ಲಿದ್ದಾಳೆ, ಈಗ ಅದಕ್ಕೆ ಸ್ಲ್ಯಾಬು ಹಾಕಿದ್ದಾರೆ. “ಅಕ್ಕಾ, ಖಾಲಾ ಹೋದ್ಲು” ಎಂದ. ಬಸ್ಸಿನಲ್ಲಿ ಕೂತೆ. ನೆನೆದ ಎರೆಹೊಲಗಳು ಕಿಟಕಿಯಾಚೆ ಹಿಂದೆ ಹೋಗುತ್ತಿದ್ದವು. ಅಳು ಬರಲಿಲ್ಲ. ನನಗೇ ಗಾಬರಿಯಾಯಿತು, ಇದೇನು ಕಲ್ಲಾಗಿದ್ದೇನೆ ಎಂದು. ನಾನು ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣಿಗೆ ಒಯ್ದಿದ್ದರು. ಖಾಲಾನ ಮನೆಯಲ್ಲಿ ಹೆಂಗಸರು ಅವಳೇ ನೇಯ್ದ ನವಿಲಿನ ಜಮಖಾನದ ಮೇಲೆ ಕೂತಿದ್ದರು. ಮಗ್ಗದಲ್ಲಿ ನೂಲು ಇರಲಿಲ್ಲ. ಅದರ ಬುಡದಲ್ಲಿ, ಖಾಲಾ ಕೂಡುತ್ತಿದ್ದ ಜಾಗದಲ್ಲಿ, ಅವ್ವ ಗೋಡೆಗೆ ಒರಗಿ ಕೂತಿದ್ದಳು. ಹೊಸ್ತಿಲಲ್ಲಿ ನನ್ನನ್ನು ಕಂಡು ಮೊಣಕಾಲಿಗೆ ಕೈ ಊರಿ ಎದ್ದಳು. ಕಮ್ ಡಾಟರ್ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಬಂದು ನನ್ನ ಕೈ ಹಿಡಿದಳು, ತೌಡಿಲ್ಲದೆ, ಏನೂ ಇಲ್ಲದೆ.

“ಬಾ, ಮಗಳ” ಎಂದಳು.

ಬಣವೆಯ ಹಿಂದೆ ಕೂತು ಅತ್ತು ಅತ್ತು ಬೇಡಿದ ಶಬ್ದ ಅದು. ಅದು ಅವ್ವನ ಬಾಯಿಂದ ಹೊರಬಿದ್ದ ಗಳಿಗೆಯೇ ನನಗೆ ತಿಳಿದದ್ದು, ಖಾಲಾ ಇಲ್ಲ, ಇನ್ನೆಂದೂ ಯಾರೂ ನನ್ನನ್ನು ಬೇಟಿ ಅನ್ನುವುದಿಲ್ಲ ಎಂದು. ಹೊಸ್ತಿಲ ಮೇಲೆಯೇ ಕುಸಿದು ಕೂತು ದನಿ ತೆಗೆದು ಅತ್ತೆ. ಅವ್ವ ಬಾಜು ಕೂತು ನನ್ನ ಬೆನ್ನು ಸವರುತ್ತ ಮತ್ತೆ ಮತ್ತೆ ಅದನ್ನೇ ಅನ್ನುತ್ತಿದ್ದಳು, ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಕೊಡುವವಳಂತೆ. ನಾನು ಅವಳ ಬಾಯಿಯ ಮೇಲೆ ಕೈ ಇಟ್ಟೆ.

“ಬ್ಯಾಡಬೇ ಅವ್ವಾ. ಇವತ್ತೊಂದು ದಿನಾ ಡಾಟರ್ ಅನ್ನು.”